ಎರೆಸೀಮೆಯ ಥಂಡಿ, ಮಕ್ಕಳ ಸುಗ್ಗಿ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಎನ್ನುವ ಮಾತು ನಾಡಿನಲ್ಲೆಲ್ಲ ಇದೆ. ನಮ್ಮ ಪಾಮನಕಲ್ಲೂರಿನಲ್ಲಿ ಅದು ಅಷ್ಟು ದಿನ ನಿಲ್ಲುವುದೇ ಇಲ್ಲ. ದೀಪಾವಳಿ ಮುಗಿದ ಮೇಲೆ ಮೂಡಗಾಳಿಯ ಜೊತೆ ಊರೊಳಗೆ ಬರುತ್ತದೆ. ಸಂಕ್ರಮಣ ದಾಟಿ ಬಿಳಿಜೋಳ ಕೊಯ್ಲಿಗೆ ಬರುವ ಹೊತ್ತಿಗೆ ಹೊರಟೇ ಬಿಡುತ್ತದೆ. ನಮ್ಮ ರಾಯಚೂರು ಜಿಲ್ಲೆ ಅಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಬಿಸಿಲು. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಆದರೆ ಡಿಸೆಂಬರಿನ ಬೆಳಗಿನ ಜಾವ ಅದೇ ನೆಲದ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಮಕ್ಕಳಿರುವ ಮನೆಗೆ ವರ್ಷದ ಅತ್ಯಂತ ಒಳ್ಳೆಯ ದಿನಗಳು ಇವೇ ಎಂದು ನಾನು ನಂಬಿದ್ದೇನೆ.

ನಮ್ಮ ಮನೆಯ ಬೆಳಗು ಕೌದಿಯೊಳಗೆ ಆಗುತ್ತದೆ. ಮಗಳು ಒಂದನೇ ತರಗತಿ, ಮಗ ಇನ್ನೂ ಅಂಗನವಾಡಿ. ಇಬ್ಬರೂ ಅಜ್ಜಿಯ ಎಡಬಲಕ್ಕೆ ಮಲಗುತ್ತಾರೆ. ಅಂಗಡಿಯಿಂದ ತಂದ ಮೆತ್ತನೆಯ ಬ್ಲ್ಯಾಂಕೆಟ್ ಟ್ರಂಕಿನ ಮೇಲೆ ಮಡಿಚಿಟ್ಟಂತೆಯೇ ಇದೆ. ಮಕ್ಕಳಿಗೆ ಕೌದಿಯೇ ಬೇಕು. ಅದರ ತೂಕ ಅವರಿಗೆ ಇಷ್ಟ. ಹೊದ್ದರೆ ಮೈಮೇಲೆ ಯಾರೋ ಕೈ ಇಟ್ಟುಕೊಂಡಿದ್ದಾರೆ ಅನ್ನಿಸುವಷ್ಟು ಭಾರ. ಒಳಗೆ ಹಳೆ ಧೋತರ, ಹಳೆ ಸೀರೆಗಳ ಪದರ. ಮೇಲೆ ಬಣ್ಣಬಣ್ಣದ ತುಂಡು. ಅಂಚಿನಿಂದ ಅಂಚಿಗೆ ಒತ್ತೊತ್ತಾಗಿ ಓಡಿದ ಬಿಳಿದಾರದ ಹೊಲಿಗೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಅವ್ವ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಹೊಲಿದದ್ದು.

ಎಚ್ಚರವಾದರೂ ಮಗಳು ಏಳುವುದಿಲ್ಲ. ಬೆರಳಿಟ್ಟು ಒಂದೊಂದೇ ತುಂಡು ಕೇಳುತ್ತಾಳೆ.

"ಇದು ಯಾರ್ದು ಅಜ್ಜಿ?"

"ಅದು ನಮ್ಮವ್ವನ ಇಳಕಲ್ಲ ಸೀರಿ."

"ಇದು?"

"ನಿಮ್ಮಪ್ಪ ಸಾಲಿಗಿ ಹೋಗುಮುಂದ ಹಾಕ್ಕೊಂತಿದ್ದ ಅಂಗಿ."

"ಇದು ಹರಿದೈತಲ್ಲ?"

"ಹರೀಲಿ ಬಿಡವ್ವಾ, ಅದರ ಮ್ಯಾಲೆ ನಿನ್ನ ಫ್ರಾಕಿಂದು ಒಂದು ತುಂಡು ಹಚ್ಚೂಣು."

ತನ್ನ ಫ್ರಾಕೂ ಆ ಕೌದಿಗೆ ಸೇರುತ್ತದೆ ಎಂದು ತಿಳಿದ ದಿನ ಮಗಳು ಅದನ್ನು ಊರಿಗೆಲ್ಲ ಹೇಳಿಕೊಂಡು ಬಂದಳು. ನಮ್ಮ ಮನೆತನದಲ್ಲಿ ಬರೆದಿಟ್ಟ ಚರಿತ್ರೆ ಇಲ್ಲ. ನೋಡದ ಮುತ್ತಜ್ಜಿಯನ್ನು ಮಕ್ಕಳು ತಿಳಿದುಕೊಂಡದ್ದು ಹೀಗೆ, ಹೊದ್ದು ಮಲಗಿ.

ಹೊರಗೆ ಆ ಹೊತ್ತಿಗೆ ಹಂಡೆಯ ನೀರು ಕುದಿಯುತ್ತಿರುತ್ತದೆ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆಗೆ ನಮ್ಮಲ್ಲಿ ಬರವಿಲ್ಲ. ಅವು ಚಟಪಟ ಎಂದು ಉರಿದು ಬೇಗ ಕಾವು ಕೊಡುತ್ತವೆ. ಮಕ್ಕಳು ಹಲ್ಲುಜ್ಜುವ ನೆಪದಲ್ಲಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅಂಗೈ ಚಾಚುತ್ತಾರೆ. ಮೂಡಗಾಳಿಗೆ ಕೆನ್ನೆ ಒಡೆದು, ತುಟಿ ಬಿರಿದಿರುತ್ತದೆ. ತುಟಿಗೆ ಬೆಣ್ಣೆ, ಮೈಗೆ ಕೊಬ್ಬರಿ ಎಣ್ಣೆ. ಎಣ್ಣೆ ಹಚ್ಚಿದ ಮೇಲೆ ಅಂಗಳದ ಬಿಸಿಲಿನಲ್ಲಿ ಒಂದಿಷ್ಟು ಹೊತ್ತು ಬಿಡುತ್ತೇವೆ. ಏಪ್ರಿಲಿನಲ್ಲಿ ಮಕ್ಕಳನ್ನು ಬಚ್ಚಿಡಬೇಕಾದ ಬಿಸಿಲಿಗೆ ಡಿಸೆಂಬರಿನಲ್ಲಿ ನಾವೇ ಕರೆದುಕೊಂಡು ಹೋಗಿ ನಿಲ್ಲಿಸುತ್ತೇವೆ.

ಈ ಸಲ ತಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಡುವುದು, ಕೂಸಿಗೆ ಎರೆದ ಮೇಲೆ ಲೋಬಾನದ ಹೊಗೆ ಹಿಡಿಯುವುದು ನಮ್ಮ ಕಡೆ ತಲೆಮಾರಿನಿಂದ ಬಂದದ್ದು. ಮನೆಮನೆಗೆ ಬಂದು ಹಸುಗೂಸು ನೋಡುವ ಆಶಾ ಕಾರ್ಯಕರ್ತೆ ಅವ್ವನ ಪಕ್ಕದಲ್ಲೇ ಕೂತು ಹೇಳಿದರು: "ಅಮ್ಮಾ, ಕೂಸಿನ ಕ್ವಾಣ್ಯಾಗ ಹೊಗಿ ಬ್ಯಾಡ್ರಿ. ಬೆಚ್ಚಗಿರಬೇಕಂದ್ರ ಟೊಪಗಿ ಹಾಕಿ, ಹಡದವ್ವನ ಎದಿಗೆ ಹಚ್ಚಿ ಮಲಗಿಸ್ರಿ." ಅವ್ವ ಒಪ್ಪಿದಳು. ಕೆಂಡ ಹೊರಗೆ ಹೋಯಿತು, ಕುಲಾಯಿ ಮತ್ತು ಕೌದಿ ಒಳಗೇ ಉಳಿದವು. ಉಸಿರು ಎಣಿಸುವುದನ್ನೂ ಅವರೇ ಕಲಿಸಿದರು. ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು, ಎರಡು ತಿಂಗಳಿಂದ ವರ್ಷದೊಳಗಿನದು 50, ವರ್ಷದಿಂದ ಐದು ವರ್ಷದವರೆಗಿನದು 40 ಅಥವಾ ಹೆಚ್ಚು ಸಲ ಉಸಿರಾಡಿದರೆ ನೆಗಡಿ ಎಂದು ಮನೆಯಲ್ಲಿ ಕೂರಬಾರದು, ಆಸ್ಪತ್ರೆಗೆ ಒಯ್ಯಬೇಕು. ಈಗ ಅವ್ವ ಗಡಿಯಾರದ ಮುಂದೆ ಕೂತು ಮೊಮ್ಮಗನ ಹೊಟ್ಟೆ ಏರಿಳಿಯುವುದನ್ನು ಎಣಿಸುತ್ತಾಳೆ. ಸಾಲಿ ಕಲಿಯದ ಅವ್ವನ ಆ ಎಣಿಕೆಯ ಮೇಲೆ ಮನೆಯವರಿಗೆಲ್ಲ ಪೂರಾ ಭರವಸೆ.

ಇನ್ನು ರೊಟ್ಟಿಯ ಮಾತು. ಚಳಿಗಾಲದಲ್ಲಿ ಅಡುಗೆಮನೆಯೇ ಮಕ್ಕಳ ಆಟದ ಮನೆ. ಹೊಸ ಸಜ್ಜೆ ಬಂದಿರುತ್ತದೆ. ಎಳ್ಳು ಹಚ್ಚಿ ಬಡಿದ ಸಜ್ಜೆರೊಟ್ಟಿ ಮೈಗೆ ಕಾವು ಎಂದು ಹಿರಿಯರು ಹೇಳುತ್ತಾರೆ. ಹೆಂಡತಿ ಹಂಚಿನಿಂದ ತೆಗೆದು ಕೆಂಡದ ಬದಿಗೆ ನಿಲ್ಲಿಸಿದ ರೊಟ್ಟಿ ಉಬ್ಬುತ್ತದೆ. ಮಗ ಅದನ್ನು ಬೆರಳಿಂದ ಚುಚ್ಚಿ, ಬಿಸಿ ಹಬೆ ಬರುತ್ತಿದ್ದಂತೆ ಕೈ ಹಿಂದೆ ಎಳೆದುಕೊಂಡು ನಗುತ್ತಾನೆ. ಅದರ ಮೇಲೆ ಬೆಣ್ಣೆ, ಗುರೆಳ್ಳು ಹಿಂಡಿ, ಪಕ್ಕಕ್ಕೆ ಒಂದು ಚೂರು ಬೆಲ್ಲ. ತಾಟಿಗೆ ಹಾಕಿ ಕೊಟ್ಟರೆ ಬೇಡ, ಒಲೆಯ ಮುಂದೆ ಕೈಯಲ್ಲಿ ಕೊಟ್ಟರೆ ಮಾತ್ರ ತಿನ್ನುತ್ತಾರೆ.

ಆದರೆ ಈ ಕಾಲದ ನಿಜವಾದ ರುಚಿ ಇರುವುದು ಹೊಲದಲ್ಲಿ. ಪಕ್ಕದ ಸಿಂಧನೂರು ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದೆ, ಕಣ್ಣು ಹಾಯುವವರೆಗೂ ಭತ್ತ. ನಮ್ಮ ಕಡೆ ಎರೆಭೂಮಿ ಮಳೆಯನ್ನೇ ನಂಬಿದ್ದು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು 2020ರ ನವೆಂಬರಿನಲ್ಲಿ ರೈತರು ಇದೇ ಪಾಮನಕಲ್ಲೂರಿನಲ್ಲಿ ಧರಣಿಗೆ ಕೂತರು. ಆ ವರ್ಷದ ಚಳಿಗಾಲವೆಲ್ಲ ಧರಣಿಯಲ್ಲೇ ಕಳೆಯಿತು. ನೀರಿನ ಆಸೆ ನಮಗೆ ಯಾವಾಗಲೂ ಇದೆ. ನೀರಿಲ್ಲದ ಹೊಲವನ್ನು ಸಾಕುವುದು ಮಾತ್ರ ಈ ಥಂಡಿಯೇ. ಹಿಂಗಾರಿಯಲ್ಲಿ ಬಿತ್ತಿದ ಜೋಳ, ಕಡಲೆ ಎರೆಮಣ್ಣು ಹಿಡಿದಿಟ್ಟ ತೇವದಿಂದಲೇ ಬೆಳೆಯುತ್ತವೆ, ತಂಪು ಮತ್ತು ಇಬ್ಬನಿ ಅವನ್ನು ಕಾಯುತ್ತವೆ. ಮಳೆ ನಿಂತು ತಿಂಗಳು ಕಳೆದ ಮೇಲೂ ಹಸಿರಾಗಿರುವ ಹೊಲ ನೋಡಿದಾಗ ಚಳಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಕಡಲೆ ಹೂ ಬಿಡುವ ಹೊತ್ತಿಗೆ ಅವ್ವ ಒಗೆದ ಬಿಳಿಯ ಪಂಚೆಯೊಂದನ್ನು ಸಂಜೆ ಗಿಡಗಳ ಮೇಲೆ ಹಾಸಿಸುತ್ತಾಳೆ. ಕಡಲೆ ಗಿಡದ ಮೈತುಂಬ ಸಣ್ಣ ರೋಮಗಳಿವೆ. ಅವು ಹುಳಿ ಒಸರುತ್ತವೆ. ರಾತ್ರಿಯ ಇಬ್ಬನಿ ಆ ಹುಳಿಯನ್ನು ತೊಳೆದು ಬಟ್ಟೆಗೆ ಇಳಿಸುತ್ತದೆ. ಹೊತ್ತು ಮೂಡುವ ಮೊದಲೇ ಹೋಗಿ ಹಿಂಡಬೇಕು, ಬಿಸಿಲು ಬಿದ್ದರೆ ಎಲ್ಲ ಆರಿಹೋಗುತ್ತದೆ. ಹಾಗಾಗಿ ಆ ಒಂದು ದಿನ ಮಾತ್ರ ಮಕ್ಕಳು ಕರೆಯುವ ಮೊದಲೇ ಏಳುತ್ತಾರೆ. ಕುಂಚಿಗೆ ಕಟ್ಟಿಕೊಂಡು, ತಾತನ ಕಂಬಳಿಯೊಳಗೆ ಅರ್ಧ ತೂರಿಕೊಂಡು ಹೊಲಕ್ಕೆ ನಡೆಯುತ್ತಾರೆ. ಬದುವಿನ ಹುಲ್ಲಿಗೆ ತಾಗಿ ಮೊಣಕಾಲವರೆಗೂ ಒದ್ದೆ. ತಾತ ಬಟ್ಟೆಯ ಒಂದು ತುದಿ ಹಿಡಿದರೆ ಅವ್ವ ಇನ್ನೊಂದು ತುದಿ ಹಿಡಿದು ತಿರುವುತ್ತಾಳೆ. ತಂಬಿಗೆಗೆ ತೊಟ್ಟುತೊಟ್ಟಾಗಿ ನಸುಗಂದು ನೀರು ಬೀಳುತ್ತದೆ. ಮಗಳು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಳ್ಳುತ್ತಾಳೆ. ಕಣ್ಣು ಮುಚ್ಚುತ್ತದೆ, ಹೆಗಲು ಕಿವಿಗೆ ಏರುತ್ತದೆ, ಆಮೇಲೆ ಮತ್ತೆ ಬೆರಳು ತಂಬಿಗೆಗೆ. "ಸಾಕು ಯವ್ವಾ, ಹಲ್ಲು ಜುಮ್ಮ ಅಂತಾವ" ಎಂದು ತಾತ ತಂಬಿಗೆ ಮೇಲಕ್ಕೆತ್ತುತ್ತಾನೆ. ಶೀಸೆಗೆ ತುಂಬಿಟ್ಟ ಆ ಹುಳಿ ವರ್ಷವೆಲ್ಲ ಹೊಟ್ಟೆನೋವಿಗೆ ಮನೆಮದ್ದು, ಸಾರಿಗೆ ಹುಣಸೆಯ ಬದಲಿ.

ಇದಾದ ಕೆಲವು ವಾರಕ್ಕೆ ಸುಲಗಾಯಿ. ಕಾಯಿ ತುಂಬಿದ ಕಡಲೆಯನ್ನು ಗಿಡಸಮೇತ ಕಿತ್ತು, ಒಣಹುಲ್ಲಿನ ಬೆಂಕಿಯಲ್ಲಿ ಸುಟ್ಟು, ಬೂದಿಯಿಂದ ಆರಿಸಿ ತಿನ್ನುವುದು. ಮಕ್ಕಳ ಬಾಯಿ, ಮೂಗು, ಕೈ ಎಲ್ಲ ಕಪ್ಪು. ಜೋಳದ ತೆನೆ ಹಾಲುಗಾಳು ಕಟ್ಟಿದಾಗ ಸೀತನಿ: ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಬಿಸಿ ಇರುವಾಗಲೇ ಕಂಬಳಿಯ ಮೇಲೆ ತಿಕ್ಕಿ ಕಾಳು ಬಿಡಿಸಿ, ಬೆಲ್ಲ, ಶೇಂಗಾಹಿಂಡಿ, ಕೊಬ್ಬರಿಯ ಜೊತೆ ತಿನ್ನುವುದು. ಇವೆರಡನ್ನೂ ಪೇಟೆಯಿಂದ ತಂದು ಮನೆಯಲ್ಲಿ ತಿಂದರೆ ಆ ರುಚಿ ಬರುವುದಿಲ್ಲ.

ಇದೇ ಕಾಲ ದುಡಿಮೆಯ ಕಾಲವೂ ಹೌದು. ಹತ್ತಿ ಬಿಡಿಸುವುದು, ತೊಗರಿ ಕೊಯ್ಯುವುದು, ಒಂದಾದ ಮೇಲೆ ಒಂದು. ಥಂಡಿಯಲ್ಲೇ ಬುತ್ತಿ ಕಟ್ಟಿಕೊಂಡು ಹೆಣ್ಣುಮಕ್ಕಳು ಹೊಲಕ್ಕೆ ಹೋಗುತ್ತಾರೆ. ಜಾಲಿಮರದ ಟೊಂಗೆಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಕೂಸು ಮಲಗಿರುತ್ತದೆ, ಅದನ್ನು ತೂಗಲು ಆರೇಳು ವರ್ಷದ ಅಕ್ಕ. ಆ ಅಕ್ಕ ಶಾಲೆಯಲ್ಲಿ ಇರಬೇಕಾದವಳು. ಹತ್ತಿಯ ಹಂಗಾಮಿನಲ್ಲಿ ತರಗತಿಗಳು ಖಾಲಿಯಾಗುವುದನ್ನು ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹೊಲ ಮಕ್ಕಳಿಗೆ ರುಚಿಯಾಗಬೇಕು, ಕೂಲಿಯಾಗಬಾರದು. ಬೆಳಿಗ್ಗೆಯೇ ಬಾಗಿಲು ತೆರೆಯುವ ಅಂಗನವಾಡಿ, ಶಾಲೆಯ ಬಿಸಿಹಾಲು, ಬಿಸಿಯೂಟ ನಮ್ಮಂಥ ಊರಿಗೆ ಎಷ್ಟು ದೊಡ್ಡ ಆಸರೆ ಎಂಬುದು ಈ ತಿಂಗಳುಗಳಲ್ಲೇ ಗೊತ್ತಾಗುವುದು. 2021ರ ಡಿಸೆಂಬರಿನಲ್ಲಿ ರಾಯಚೂರೂ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ, ಬಾಳೆಹಣ್ಣು ಕೊಡಲು ಶುರುವಾದದ್ದೂ ಇಂಥದೇ ಥಂಡಿಯಲ್ಲಿ. ಕೂಲಿಗೆ ಹೋದ ತಾಯಿ ಹೊಲದಿಂದ ಬರುವುದು ಸಂಜೆಗೆ. ಅಲ್ಲಿಯವರೆಗೆ ಮಗುವಿನ ಹೊಟ್ಟೆಯಲ್ಲಿ ಒಂದು ಬಿಸಿ ಮೊಟ್ಟೆ ಇದೆ ಎಂಬ ಸಮಾಧಾನ ಸಣ್ಣದಲ್ಲ. ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವ ಮನೆಗಳಿವೆ. ಅವರ ಮಕ್ಕಳಿಗೆ ಅವ್ವ, ಅಪ್ಪ, ಅಜ್ಜಿ, ತಾತ ಎಲ್ಲರೂ ಒಂದೇ ಸೂರಿನಡಿ ಸಿಗುವುದು ಈ ನಾಲ್ಕು ದಿನವೇ.

ಎಲ್ಲರೂ ಒಟ್ಟಿಗೆ ಹೊಲದಲ್ಲಿ ಉಣ್ಣುವ ದಿನ ಎಳ್ಳಮಾಸಿ, ಮಾರ್ಗಶಿರದ ಅಮಾವಾಸ್ಯೆ. ಹಿಂದಿನ ರಾತ್ರಿಯಿಂದಲೇ ಮನೆಯಲ್ಲಿ ನಿದ್ದೆಯಿಲ್ಲ. ಸಜ್ಜೆರೊಟ್ಟಿ, ಹೋಳಿಗೆ, ಕಡಬು, ಎಣ್ಣೆಗಾಯಿ, ಪುಂಡಿಪಲ್ಯ, ಗಟ್ಟಿ ಮೊಸರು ಬುಟ್ಟಿ ತುಂಬುತ್ತವೆ. ಹೊಲದ ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ತಾತ ಎಲ್ಲ ಅಡುಗೆಯನ್ನೂ ಕಲಸಿದ ಚರಗವನ್ನು ಹೊಲದ ಸುತ್ತ ಚೆಲ್ಲುತ್ತಾನೆ. ಹಿಂದೆ ತಂಬಿಗೆ ಹಿಡಿದು ನೀರು ಚಿಮುಕಿಸುತ್ತ ನಡೆಯುವ ಕೆಲಸ ಮಗನದು.

"ತಾತ, ಹೊಲಾನೂ ಊಟ ಮಾಡತೈತೇನು?"

"ಮಾಡತೈತಪ್ಪ. ಬಸುರಿ ಐತಿ ಅದು. ಮೊದಲು ಅದಕ್ಕ, ಆಮ್ಯಾಲೆ ನಮಗ."

ಮಗ ಮರುಮಾತಾಡಲಿಲ್ಲ. ತೆನೆಗಟ್ಟುತ್ತಿರುವ ಜೋಳದ ಸಾಲಿನಲ್ಲಿ ಕಾಲು ಸೋಕದಂತೆ ಹೆಜ್ಜೆ ಎತ್ತಿಟ್ಟು ನಡೆದ. ಬಸುರಿಯರ ಪಕ್ಕದಲ್ಲಿ ಮೆಲ್ಲಗೆ ನಡೆಯಬೇಕು ಎಂದು ಮನೆಯಲ್ಲಿ ಅವನಿಗೆ ಹೇಳಿಕೊಟ್ಟಿದ್ದೆವು. ಆ ಮಾತನ್ನು ಅವನು ಹೊಲಕ್ಕೂ ಅನ್ವಯಿಸಿಕೊಂಡಿದ್ದ. ನೆಲದ ಮೇಲಿನ ಮರ್ಯಾದೆಯನ್ನು ಇದಕ್ಕಿಂತ ಚೆನ್ನಾಗಿ ಯಾವ ಪಾಠದಲ್ಲಿ ಕಲಿಸಲು ಆದೀತು?

ಅದಾದ ಮೇಲೆ ಸಂಕ್ರಮಣ. ಸಣ್ಣ ಮಕ್ಕಳನ್ನು ಮಣೆಯ ಮೇಲೆ ಕೂಡಿಸಿ ಬಾರೆಹಣ್ಣು, ಕಬ್ಬಿನ ತುಂಡು, ಕುಸುರೆಳ್ಳು ತಲೆಯ ಮೇಲೆ ಸುರಿದು ಆರತಿ ಬೆಳಗುತ್ತೇವೆ. ಕರಿ ಎರೆಯುವುದು ಅಂತ ಅದಕ್ಕೆ ಹೆಸರು. ಸುರಿದದ್ದನ್ನು ಆರಿಸಿಕೊಳ್ಳಲು ಓಣಿಯ ಮಕ್ಕಳೆಲ್ಲ ಮುಗಿಬೀಳುತ್ತಾರೆ.

ನಮ್ಮೂರಿನಿಂದ, ಸುತ್ತಲ ಊರುಗಳಿಂದ ಬೆಂಗಳೂರು, ಪುಣೆ, ಹೈದರಾಬಾದಿಗೆ ಹೋಗಿ ನೆಲೆಸಿದವರು ಬಹಳ ಮಂದಿ. ಅವರು ಮಕ್ಕಳನ್ನು ಕರೆದುಕೊಂಡು ಬರುವುದು ಬೇಸಿಗೆ ರಜೆಗೆ. ಆಗ ಹೊಲ ಬಿರುಕು ಬಿಟ್ಟು ಬರಿದಾಗಿರುತ್ತದೆ, ಮಧ್ಯಾಹ್ನ ಹೊಸ್ತಿಲು ದಾಟುವಂತಿಲ್ಲ. 1915ರಲ್ಲಿ ಬೆಳಕಿಗೆ ಬಂದು ಅಶೋಕನ ಹೆಸರನ್ನು ಲೋಕಕ್ಕೆ ಖಚಿತಪಡಿಸಿದ ಮಸ್ಕಿಯ ಶಾಸನ ತೋರಿಸೋಣವೆಂದರೆ ಗುಡ್ಡದ ಬಂಡೆ ಕಾದ ಹಂಚಾಗಿರುತ್ತದೆ. ಆ ಮಕ್ಕಳು ಅಪ್ಪನ ಊರು ಅಂದರೆ ಬಿಸಿಲು, ಧೂಳು, ಕರೆಂಟಿಲ್ಲದ ಮಧ್ಯಾಹ್ನ ಎಂದು ತಿಳಿದು ವಾಪಸಾಗುತ್ತಾರೆ. ಊರಿನ ಮೇಲೆ ಅವರಿಗೆ ಮಾಯೆ ಹುಟ್ಟದಿದ್ದರೆ ಅದು ಮಕ್ಕಳ ತಪ್ಪಲ್ಲ. ನಾವು ಅವರಿಗೆ ಊರನ್ನು ತೋರಿಸಿದ ತಿಂಗಳೇ ಬೇರೆಯಾಗಿತ್ತು.

ಹಾಗಾಗಿ ಹೊರಗಿರುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ನನ್ನದೊಂದು ಮಾತು. ಈ ಸಲ ಎಳ್ಳಮಾಸಿಗೆ ಎರಡು ದಿನ ರಜೆ ಹಾಕಿ ಮಕ್ಕಳನ್ನು ಕರೆದುಕೊಂಡು ಬನ್ನಿ. ಶಾಲೆಯ ಎರಡು ದಿನದ ಪಾಠವನ್ನು ಆಮೇಲೆ ಬರೆಸಬಹುದು, ಕಡಲೆಯ ಹುಳಿ ಮಾತ್ರ ಆಮೇಲೆ ಸಿಗುವುದಿಲ್ಲ. ಸ್ವೆಟರ್ ತರಲು ಮರೆತರೂ ಚಿಂತೆಯಿಲ್ಲ, ನಮ್ಮ ಮನೆಯಲ್ಲಿ ಕೌದಿಗಳಿವೆ.