ಗೋಡೆಯ ಮೇಲಿನ ಮುಖಕ್ಕೊಂದು ಕ್ಯಾಮೆರಾ

ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಹಳೆಯ ಮಾಳಿಗೆ ಮನೆಯ ಪಡಸಾಲೆಗೆ ಕಾಲಿಟ್ಟವರ ಕಣ್ಣು ಮೊದಲು ಹೋಗುವುದು, ಗೋಡೆಯ ಮೇಲೆ ತುಸು ಮುಂದಕ್ಕೆ ಬಾಗಿ ಸಾಲಾಗಿ ತೂಗುವ ಫೋಟೊಗಳತ್ತ. ರುಮಾಲು ಸುತ್ತಿ, ಮೊಣಕಾಲ ಮೇಲೆ ಕೈಯಿಟ್ಟು, ಉಸಿರು ಬಿಗಿಹಿಡಿದು ಕುಳಿತ ಮುತ್ಯಾ. ಜೀವಮಾನದಲ್ಲಿ ಒಮ್ಮೆಯೋ ಎರಡು ಸಲವೋ ಸ್ಟುಡಿಯೊದ ಮೆಟ್ಟಿಲು ಹತ್ತಿದವರು. ಆದರೂ ಆ ಕಪ್ಪು ಬಿಳುಪು ಚಿತ್ರದಲ್ಲಿ ಅವರ ಹುಬ್ಬಿನ ಕೂದಲು ಎಣಿಸಬಹುದು. ಪಕ್ಕದಲ್ಲೇ ಮೊನ್ನೆ ತೂಗುಹಾಕಿದ ಬಣ್ಣದ ಫೋಟೊ ಮಾತ್ರ ಮಂಜಿನೊಳಗಿಂದ ನೋಡಿದಂತಿದೆ. ಆಗ ಊರಿಗೊಂದು ಕ್ಯಾಮೆರಾ, ಈಗ ಮನೆಗೆ ನಾಲ್ಕು. ಹಾಗಿದ್ದೂ ಹೀಗೇಕೆ?

ಯಾವ ಊರಿನ ಸ್ಟುಡಿಯೊದಲ್ಲಾದರೂ ಕಾಣಸಿಗುವ ದೃಶ್ಯವಿದು. ಮನೆಯ ಹಿರಿಯಳು ತೀರಿಕೊಂಡ ಮೂರನೆಯ ದಿನ ಮಗ ಮೊಬೈಲ್ ಹಿಡಿದು ಬರುತ್ತಾನೆ. “ಇದರಾಗ ನಮ್ಮವ್ವನ್ನ ಅಷ್ಟ ದೊಡ್ಡದ ಮಾಡಿ ಕೊಡ್ರಿ.” ಅದು ಯಾರದೋ ಮದುವೆಯ ಗುಂಪಿನ ಚಿತ್ರ, ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಕೈ ದಾಟಿ ಬಂದದ್ದು. ಅವ್ವ ಹಿಂದಿನ ಸಾಲಿನಲ್ಲಿ ಜೋಳದ ಕಾಳಿನಷ್ಟು. ಸ್ಟುಡಿಯೊದವನು ಅದನ್ನು ಹಿಗ್ಗಿಸಿ, ತಿದ್ದುವ ತಂತ್ರಾಂಶಕ್ಕೆ ಒಪ್ಪಿಸುತ್ತಾನೆ. ತಂತ್ರಾಂಶ ಇಲ್ಲದ್ದನ್ನು ಊಹಿಸಿ ತುಂಬಿ ನುಣ್ಣನೆಯ ಮುಖವೊಂದನ್ನು ಕೊಡುತ್ತದೆ. ಮನೆಯಲ್ಲಿ ಮಗಳು ಕೇಳುವುದು ಒಂದೇ ಮಾತು: “ಅವ್ವನ ಗದ್ದದ ಮ್ಯಾಲಿನ ಹಚ್ಚಿ ಎಲ್ಲೈತಿ?”

ಹಚ್ಚೆ ಎಲ್ಲಿ ಕಳೆಯಿತೆಂಬುದಕ್ಕೆ ಸರಳ ಲೆಕ್ಕವೇ ಉತ್ತರ. ಬಟ್ಟೆಯ ಹದ ಅಂಗುಲಕ್ಕೆ ಎಷ್ಟು ಎಳೆ ಎಂಬುದರಲ್ಲಿದೆ ಎಂದು ಗಜೇಂದ್ರಗಡದ ನೇಕಾರನಿಗೆ ಯಾರೂ ಹೇಳಿಕೊಡಬೇಕಿಲ್ಲ. ಫೋಟೊದ ಪ್ರಿಂಟೂ ಹಾಗೆಯೇ. ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ ಅಂಗುಲಕ್ಕೆ 300 ಚುಕ್ಕೆಗಳಿದ್ದರೆ ಲೇಸು. ಎಂದರೆ 4×6 ಅಂಗುಲಕ್ಕೆ 1200×1800, ಸುಮಾರು 22 ಲಕ್ಷ ಚುಕ್ಕೆ. ದೂರದಿಂದ ನೋಡುವ ಗೋಡೆಯ ಫೋಟೊಕ್ಕೆ 200 ಸಾಕು; 12×18 ಅಂಗುಲಕ್ಕೂ 86 ಲಕ್ಷ ಚುಕ್ಕೆಯಲ್ಲಿ ಕೆಲಸವಾಗುತ್ತದೆ. ಹತ್ತು ಲಕ್ಷ ಚುಕ್ಕೆಗೆ ಒಂದು ಮೆಗಾಪಿಕ್ಸೆಲ್. ಇಂದಿನ ಯಾವ ಕ್ಯಾಮೆರಾಕ್ಕೂ ಇದು ಭಾರವಲ್ಲ.

ಆದರೆ 24 ಮೆಗಾಪಿಕ್ಸೆಲ್ ಚಿತ್ರದಲ್ಲೂ ಮುಖ ನೂರರಲ್ಲಿ ಒಂದು ಪಾಲಿದ್ದರೆ ಅದರ ಪಾಲಿಗೆ ಬರುವುದು 2.4 ಲಕ್ಷ ಚುಕ್ಕೆ. ಅದರಿಂದ ಚೆನ್ನಾಗಿ ಮೂಡುವುದು 2×3 ಅಂಗುಲದ ಚಿತ್ರ ಮಾತ್ರ. ಮೇಲೆ ವಾಟ್ಸ್‌ಆ್ಯಪ್ ಅದನ್ನು ಇನ್ನಷ್ಟು ಕುಗ್ಗಿಸಿರುತ್ತದೆ. 1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾಕ್ಕೆ ಇದ್ದದ್ದು 100×100 ಚುಕ್ಕೆ. ಅದನ್ನು ಈ 300ರ ಲೆಕ್ಕದಲ್ಲಿ ಪ್ರಿಂಟ್ ಹಾಕಿದರೆ ಕಡಲೆಕಾಳಿನಷ್ಟಾದೀತು. ಗುಂಪಿನಲ್ಲಿ ನಿಂತ ಅವ್ವನ ಹಚ್ಚೆಗೆ ಅಷ್ಟು ಚುಕ್ಕೆಯೂ ದಕ್ಕಿರುವುದಿಲ್ಲ.

ನರಗುಂದದಿಂದ ಬಸ್ಸು ಹತ್ತಿ ಹುಬ್ಬಳ್ಳಿಗೆ ಕ್ಯಾಮೆರಾ ಕೊಳ್ಳಹೊರಟ ಯುವಕನ ಕಿವಿಗೆ ಮೊದಲು ಬೀಳುವುದು ಮೆಗಾಪಿಕ್ಸೆಲ್ ಮಂತ್ರವೇ. ಅವನು ಕೇಳಬೇಕಾದದ್ದು ಬೇರೆ: ಒಳಗಿನ ಸೆನ್ಸರ್, ಅಂದರೆ ಬೆಳಕು ಹಿಡಿಯುವ ತಟ್ಟೆ, ಎಷ್ಟು ದೊಡ್ಡದು? ಮಳೆಗೆ ಅಂಗಳದಲ್ಲಿಟ್ಟ ಹಂಡೆಗೂ ಲೋಟಕ್ಕೂ ಇರುವಷ್ಟೇ ಅಂತರ ಇಲ್ಲಿಯೂ ಉಂಟು. ‘ಫುಲ್ ಫ್ರೇಮ್’ ತಟ್ಟೆ 36×24 ಮಿಲಿಮೀಟರ್; ಅಗ್ಗದ ಜೇಬು ಕ್ಯಾಮೆರಾದ್ದು ಸುಮಾರು 6×4.5. ವಿಸ್ತೀರ್ಣದಲ್ಲಿ ಮೂವತ್ತು ಪಟ್ಟು ವ್ಯತ್ಯಾಸ. ಹಳೆಯ ಸ್ಟುಡಿಯೊಗಳ 120 ರೀಲು 6 ಸೆಂಟಿಮೀಟರ್ ಅಗಲವಿತ್ತು. ಮುತ್ಯಾನ ಹುಬ್ಬಿನ ಗುಟ್ಟು ಅಲ್ಲಿದೆ.

ಎರಡನೆಯದು ಲೆನ್ಸು. ಮಾಳಿಗೆ ಮನೆಗಳಲ್ಲಿ ಬೆಳಕು ಇಳಿಯುವುದೇ ಬೆಳಕಿಂಡಿಯಿಂದ. ಕ್ಯಾಮೆರಾದ ಜೊತೆ ಸಿಗುವ ಸಾಮಾನ್ಯ ಲೆನ್ಸು ದೂರದ್ದನ್ನು ಹತ್ತಿರಕ್ಕೆ ಎಳೆದಾಗ 5.6ಕ್ಕಿಂತ ಹೆಚ್ಚು ತೆರೆಯದು. 1.8ರ 50 ಮಿ.ಮೀ. ಲೆನ್ಸು ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಒಳಬಿಡುತ್ತದೆ. ಆದ್ದರಿಂದ ಹಣ ಕಡಿಮೆಯಿದ್ದವನು 24×16 ಮಿ.ಮೀ. ತಟ್ಟೆಯ ಹಳೆಯ ಎಸ್‌ಎಲ್‌ಆರ್ ಒಂದನ್ನು ಪರೀಕ್ಷಿಸಿ ಸೆಕೆಂಡ್ ಹ್ಯಾಂಡ್ ಕೊಂಡು, ಉಳಿದ ಹಣವನ್ನು ಇಂಥ ಲೆನ್ಸಿಗೆ ಹಾಕುವುದು ಜಾಣತನ. 16 ಮೆಗಾಪಿಕ್ಸೆಲ್ ಇದ್ದರೂ ಗೋಡೆ ತುಂಬುವಷ್ಟು ಚಿತ್ರ ಬಂದೀತು.

ಕ್ಯಾಮೆರಾ ಕೊಳ್ಳಲಾಗದವರು ಕೈಚೆಲ್ಲಬೇಕಿಲ್ಲ. ಮೊಬೈಲಿನ ಹಿಂಬದಿಯ ಕ್ಯಾಮೆರಾವೇ ಸಾಕು, ನಾಲ್ಕು ಮಾತು ನೆನಪಿದ್ದರೆ. ಹಿರಿಯರನ್ನು ಬೆಳಗಿನ ಹೊತ್ತು ಕಟ್ಟೆಯ ನೆರಳಿನಲ್ಲಿ ಬೆಳಕಿಗೆ ಮುಖಮಾಡಿ ಕೂರಿಸುವುದು. ಪರದೆಯ ಮೇಲೆ ಬೆರಳಿನಿಂದ ಹಿಗ್ಗಿಸದೆ, ತಾವೇ ಹತ್ತಿರ ಹೋಗಿ ಎದೆಮಟ್ಟದವರೆಗೆ ತೆಗೆಯುವುದು. ಮುಖ ನುಣುಪು ಮಾಡುವ ಸೌಲಭ್ಯವನ್ನು ಮುಚ್ಚುವುದು. ಸ್ಟುಡಿಯೊಕ್ಕೆ ಕಳುಹಿಸುವಾಗ ‘ಡಾಕ್ಯುಮೆಂಟ್’ ಎಂದೇ ಕಳುಹಿಸುವುದು. ಆಗ ಚಿತ್ರ ಕುಗ್ಗದೆ ಹಾಗೇ ತಲುಪುತ್ತದೆ.

ಎಲ್ಲಕ್ಕಿಂತ ಮುಖ್ಯ, ಕಾಲ ಮಿಂಚುವ ಮುನ್ನ ತೆಗೆಯುವುದು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಮಕ್ಕಳು ಮೊಮ್ಮಕ್ಕಳು ಊರಿಗೆ ಬಂದಿರುತ್ತಾರಲ್ಲ, ಅಂದೇ ಆಗಲಿ. “ಈಗ್ಯಾಕೋ ತಮ್ಮಾ ನನ್ನ ಫೋಟೊ? ನಾ ಏನ್ ಹೊಂಟೇನೇನು?” ಎಂದು ಅಜ್ಜಿ ಗದರಿಸಿಯಾಳು. “ಗ್ವಾಡಿಗಲ್ಲಬೇ, ನಿನ್ನ ಕೈಯಾಗ ಕೊಡಾಕ” ಎನ್ನಲಿ ಮೊಮ್ಮಗ. ಆ ಮಾತು ನಡೆಸಿ, ಪ್ರಿಂಟ್ ಹಾಕಿಸಿ ತಂದು ಅವಳ ಕೈಗೇ ಕೊಡಲಿ. ಹಚ್ಚೆ ಸರಿಯಾಗಿ ಬಂದಿದೆಯೋ ಇಲ್ಲವೋ, ಅವಳೇ ಹೇಳಲಿ.