ಎಡೆಹಳ್ಳಿಯ ರಬ್ಬರ್ ತೋಟ

ಕೊಪ್ಪ, ಶೃಂಗೇರಿ ಅಂದ್ರೆ ಎಲ್ಲರಿಗೂ ಅಡಿಕೆ, ಕಾಫಿ, ಮಠ ನೆನಪಾಗುತ್ತೆ. ಪಕ್ಕದ ನರಸಿಂಹರಾಜಪುರದಲ್ಲಿ (ಹಳಬರ ಬಾಯಲ್ಲಿ ಎಡೆಹಳ್ಳಿ) ರಬ್ಬರ್ ತೋಟಗಳೂ ಸಿರಿಯನ್ ಕ್ರಿಶ್ಚಿಯನ್ ಚರ್ಚುಗಳೂ ಇರೋದು ನಮ್ಮ ಹಾಸ್ಟೆಲ್‌ನಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ನಾನು ಆ ತೋಟದ ಕಡೆಯವನು.

ತಿರುವಾಂಕೂರಿನ ರೈತರು ಜಾಗ ಸಾಲದೆ 1920ರ ದಶಕದಿಂದಲೇ ಮಲಬಾರಿನ ಕಾಡಂಚಿಗೆ ಹೊರಟಿದ್ದರು. ಎರಡನೇ ಮಹಾಯುದ್ಧದ ಕಾಲದ ಅಕ್ಕಿ ಅಭಾವ ಅದನ್ನ ಇನ್ನೂ ಜೋರು ಮಾಡಿತು. 1953ರಲ್ಲಿ ತಲಶ್ಶೇರಿಯಲ್ಲಿ ಈ ವಲಸಿಗರಿಗಾಗಿಯೇ ಒಂದು ಧರ್ಮಪ್ರಾಂತ್ಯ ಆಯ್ತು. ಅಲ್ಲೂ ಜಾಗ ತುಟ್ಟಿಯಾದಾಗ ಕೆಲವರು ಘಟ್ಟ ಹತ್ತಿದರು. ನಮ್ಮಜ್ಜ ಅವರಲ್ಲೊಬ್ಬರು. ಅಲ್ಲಿ ಒಂದು ಎಕರೆ ಮಾರಿದ ದುಡ್ಡಲ್ಲಿ ಇಲ್ಲಿ ಹಲವು ಎಕರೆ ಸಿಕ್ತಂತೆ. ಆಸುಪಾಸಿನ ವರ್ಷಗಳಲ್ಲೇ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದು, ಹಿನ್ನೀರಲ್ಲಿ ನೆಲ ಕಳಕೊಂಡವರು ಗಂಟುಮೂಟೆ ಕಟ್ಟುತ್ತಿದ್ದರು. ನಮ್ಮನೆಯಲ್ಲಿ ಆ ಭಾಗವನ್ನ ಯಾರೂ ಹೇಳೋದಿಲ್ಲ. ನಾನು ಕೇಳಿದ್ದು ಬಸ್ಸಲ್ಲಿ ಪಕ್ಕ ಕೂತ ಅಜ್ಜರೊಬ್ಬರಿಂದ.

ಮೊದಲ ವರ್ಷಗಳು ಮರಗೆಣಸಿನ ಮೇಲೆ ನಡೆದವು. ರಬ್ಬರ್ ಹಾಲು ಕೊಡೋಕೆ ಸುಮಾರು 7 ವರ್ಷ ಬೇಕು. ಟ್ಯಾಪಿಂಗ್ ನಸುಕಲ್ಲೇ ಆಗಬೇಕು: ಬಿಸಿಲೇರಿದರೆ ಎಲೆಗಳು ನೀರು ಬಿಟ್ಟು ತೊಗಟೆಯೊಳಗಿನ ಒತ್ತಡ ಇಳಿಯುತ್ತೆ, ಹಾಲು ಬೇಗ ನಿಲ್ಲುತ್ತೆ. ಅದಕ್ಕೆ ಫಾರ್ಮಿಕ್ ಆಸಿಡ್ ಬೆರೆಸಿ, ಹೆಪ್ಪುಗಟ್ಟಿಸಿ, ರೋಲರಲ್ಲಿ ಒತ್ತಿ, ಹೊಗೆಮನೆಯಲ್ಲಿ ಒಣಗಿಸೋದು. ಫ್ಲೂಯಿಡ್ ಮೆಕ್ಯಾನಿಕ್ಸ್ ನನಗೆ ಅರ್ಥ ಆಗಿದ್ದು ಮರಕ್ಕೆ ಕಟ್ಟಿದ ಕರಟದಲ್ಲಿ ಅಂದ್ರೆ ಲ್ಯಾಬಲ್ಲಿ ನಗ್ತಾರೆ.

ಅಮೆರಿಕದ ಟೆಕ್ಸಾಸಿನಲ್ಲಿ 1846ರಲ್ಲಿ ಜರ್ಮನ್ ವಲಸಿಗರು ಕಟ್ಟಿದ ಫ್ರೆಡರಿಕ್ಸ್‌ಬರ್ಗ್ ಅನ್ನೋ ಊರಿದೆ. ತಲೆಮಾರುಗಟ್ಟಲೆ ಮನೆಯಲ್ಲೂ ಚರ್ಚಲ್ಲೂ ಜರ್ಮನ್ನೇ. ಮೊದಲ ಮಹಾಯುದ್ಧದಲ್ಲಿ ಆ ಭಾಷೆ ಆಡೋದೇ ಅನುಮಾನಕ್ಕೆ ಕಾರಣವಾಯ್ತು, ಮಕ್ಕಳು ಇಂಗ್ಲಿಷಿಗೆ ಹೊರಳಿದರು. ಈಗ ಟೆಕ್ಸಾಸ್ ಜರ್ಮನ್ ಆಡುವವರು ಬಹುತೇಕ ವಯಸ್ಸಾದವರೇ. ನಮಗೆ ಅಂಥ ಒತ್ತಡ ಯಾರೂ ಹಾಕಿಲ್ಲ. ಆದರೂ ನನಗೆ ಮಲಯಾಳ ಓದೋಕೆ ಬರೋದಿಲ್ಲ. ಅಮ್ಮಚ್ಚಿ ಕಲಿಸಿದ ಪ್ರಾರ್ಥನೆಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಬರಕೊಂಡಿದ್ದೀನಿ. ಕೋಟ್ಟಯಂ ನೆಂಟರಿಗೆ ನನ್ನ ಮಾತು ತಮಾಷೆ, ಕ್ಯಾಂಪಸ್ಸಲ್ಲಿ ನಾನು ‘ಮಲ್ಲು’. ರಾಜ್ಯೋತ್ಸವದ ಭಾಷಣ ಬರೆದುಕೊಡೋಕೆ ಮಾತ್ರ ನಾನೇ ಬೇಕು!

ಈಗ ಅಪ್ಪ ತೋಟ ಮಾರೋಣ್ವಾ ಅಂತ ಕೇಳ್ತಿದ್ದಾರೆ. ರಬ್ಬರ್ ದರ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರೋದಿಲ್ಲ, ಟ್ಯಾಪಿಂಗಿಗೆ ಜನ ಸಿಗೋದಿಲ್ಲ, ಅಕ್ಕ ಕೆನಡಾದಲ್ಲಿದ್ದಾಳೆ. ಸೆಮಿಸ್ಟರ್ ರಜೆಗೆ ಬಂದು ಹೇಳ್ತೀನಿ ಅಂದಿದ್ದೀನಿ. ಅಲ್ಲೀವರೆಗೆ ಅಜ್ಜ ನೆಟ್ಟ ಸಾಲು ಕಡಿಸಬೇಡಿ ಅಂತಲೂ.