ಅಟ್ಟದಿಂದ ಇಳಿದ ರೈಲು

ಹಳೆಯ ಆಟದ ರೈಲುಗಳನ್ನು ಆನ್‌ಲೈನಿನಲ್ಲಿ ಮಾರುವವರು ಸುಳ್ಳು ಹೇಳುವುದು ಕಡಿಮೆ. ಆದರೆ ಅವರು ಹೇಳಿದ್ದನ್ನು ಬಿಡಿಸಿ ಓದಿಕೊಳ್ಳಬೇಕು. ‘ಅಟ್ಟದಲ್ಲಿ ಸಿಕ್ಕಿದ್ದು’ ಎಂದಿದ್ದರೆ ಧೂಳು ಕೂಡ ಒರೆಸಿಲ್ಲ. ‘ಓಡಿಸಿ ನೋಡಿಲ್ಲ’ ಎಂದಿದ್ದರೆ ಓಡಿಸಿ ನೋಡಿದ್ದಾರೆ, ಓಡಿಲ್ಲ. ‘ಬಲು ಅಪರೂಪ’ ಎಂದಿದ್ದರೆ ಅಂಥದೇ ಇನ್ನೂ ಐದಾರು ಅದೇ ಪುಟದ ಕೆಳಗಡೆ ಇರುತ್ತವೆ. ಅದಕ್ಕೇ ನನಗೆ ಭಾನುವಾರದ ರೈಲು ಸಂತೆಯೇ ಇಷ್ಟ. ಊರಿನ ಕ್ರೀಡಾಂಗಣದ ಒಳಗೆ ಸಾಲು ಮೇಜು, ಮೂಲೆಯಲ್ಲಿ ಕಾಫಿ, ಕೇಕು, ಇನ್ನೊಂದು ಮೂಲೆಯಲ್ಲಿ ಓಡಿಸಿ ನೋಡಲು ಒಂದಷ್ಟು ಹಳಿ. ಇಂಜಿನನ್ನು ಅಂಗೈಮೇಲೆ ಇಟ್ಟುಕೊಂಡು, ಮಗುಚಿ, ಹೊಟ್ಟೆ ನೋಡಿ, ಚೌಕಾಸಿ ಮಾಡಬಹುದು. ಜರ್ಮನರು ಚೌಕಾಸಿ ಮಾಡುವುದಿಲ್ಲ ಎನ್ನುವವರು ಇಲ್ಲಿಗೆ ಬಂದಿಲ್ಲ.

ಬೆಂಗಳೂರಿನಿಂದ ಕೆಲಸದ ಮೇಲೆ ಸ್ಟುಟ್‌ಗಾರ್ಟಿಗೆ ಬಂದು ಇಲ್ಲೇ ಉಳಿದ ಬಹಳ ಜನರಲ್ಲಿ ನಾನೂ ಒಬ್ಬ. ಇಲ್ಲಿಂದ ಸ್ವಲ್ಪವೇ ದೂರದಲ್ಲಿ ಗ್ಯೋಪಿಂಗನ್ ಎಂಬ ಊರಿದೆ. ಅಲ್ಲಿ 1859ರಲ್ಲಿ ಮ್ಯಾರ್ಕ್ಲಿನ್ ಎಂಬ ತಗಡಿನ ಕೆಲಸದವನೊಬ್ಬ ಗೊಂಬೆಮನೆಗೆ ಪುಟ್ಟ ಪುಟ್ಟ ಪಾತ್ರೆ ಮಾಡಿ ಮಾರತೊಡಗಿದ. ಏಳು ವರ್ಷಕ್ಕೆ ಅವನು ತೀರಿಕೊಂಡ. ಹೆಂಡತಿ ಕರೋಲಿನ್ ಕೈಕಟ್ಟಿ ಕೂರಲಿಲ್ಲ. ಆ ಕಾಲದ ಹೆಂಗಸು ತಾನೇ ಮಾದರಿಗಳನ್ನು ಹೊತ್ತು ಊರೂರು ತಿರುಗಿ ವ್ಯಾಪಾರ ಕುದುರಿಸಿದಳು. ಮಕ್ಕಳ ಕಾಲಕ್ಕೆ, 1891ರ ಲೈಪ್‌ಝಿಗ್ ಮೇಳದಲ್ಲಿ, ಮನೆತನದ ಹಣೆಬರಹ ಬದಲಾಯಿತು. ಅಲ್ಲಿ ಅವರು ಇಟ್ಟದ್ದು ಕೀಲಿ ಕೊಟ್ಟರೆ ಓಡುವ ರೈಲು. ಕೀಲಿ ರೈಲು ಹೊಸದೇನಲ್ಲ. ಹಳಿಯ ಅಗಲಕ್ಕೆ ಇಂತಿಷ್ಟು ಎಂಬ ಲೆಕ್ಕ ಇಟ್ಟು, ಈ ವರ್ಷ ಕೊಂಡದ್ದಕ್ಕೆ ಮುಂದಿನ ವರ್ಷದ್ದು ಕೂಡುವಂತೆ ಮಾಡಿದ್ದೇ ಹೊಸದು. ಗೊಂಬೆಮನೆಗೆ ಇಂದು ಒಲೆ, ನಾಳೆ ಬಾಣಲೆ ಎಂದು ಮಾರಿ ಗೊತ್ತಿದ್ದವರಿಗೇ ಹೊಳೆಯುವಂಥ ಉಪಾಯ ಅದು. ಪ್ರತಿ ಕ್ರಿಸ್‌ಮಸ್ಸಿಗೂ ಅಜ್ಜಿ ಒಂದು ಬೋಗಿ, ಸೋದರಮಾವ ಒಂದಿಷ್ಟು ಹಳಿ ಕೊಡಬೇಕಾಯಿತು. ರೈಲು ಎಂದೂ ಪೂರ್ತಿಯಾಗದಂತೆ ನೋಡಿಕೊಂಡರು, ಜಾಣರು.

ಹಾಗಾಗಿ ಸಂತೆಯಲ್ಲಿ ಸಿಗುವ ಹಳೆಯ ಪೆಟ್ಟಿಗೆ ಎಂದರೆ ಯಾವುದೋ ಮನೆಯ ಒಂದಷ್ಟು ಕ್ರಿಸ್‌ಮಸ್ಸುಗಳು, ಒಂದರ ಮೇಲೊಂದು. ತಳದಲ್ಲಿ ನೀಲಿ ಟ್ರಾನ್ಸ್‌ಫಾರ್ಮರು, ಚಿಕ್ಕದೊಂದು ಕಪ್ಪು ಇಂಜಿನು, ವೃತ್ತಕ್ಕಾಗುವಷ್ಟು ತಗಡಿನ ಹಳಿ. ಅದರ ಮೇಲೆ ಕವಲು ಹಳಿ, ಕ್ರೇನಿನ ಬೋಗಿ, ಸಿಗ್ನಲ್ಲು. ಆಮೇಲೆ ಇದ್ದಕ್ಕಿದ್ದಂತೆ ಏನೂ ಇಲ್ಲ. ನಾನು ಮೊದಲು ನೋಡುವುದೇ ಅದು ಎಲ್ಲಿ ನಿಂತಿದೆ ಎಂದು.

ಅಂಥದೊಂದು ಪೆಟ್ಟಿಗೆಯನ್ನು ವಯಸ್ಸಾದ ಹೆಂಗಸೊಬ್ಬರಿಂದ ಕೊಂಡೆ. ತಮ್ಮನದಂತೆ. “ಮೊದಲು ಮೊಪೆಡ್ ಬಂತು, ಆಮೇಲೆ ಹುಡುಗಿ ಬಂದಳು, ರೈಲು ಅಟ್ಟ ಹತ್ತಿತು,” ಎಂದರು. ತಮ್ಮ ಈಗ ವೃದ್ಧಾಶ್ರಮದಲ್ಲಿ ಗಟ್ಟಿಮುಟ್ಟಾಗಿದ್ದಾನೆ, ಅಲ್ಲಿ ಇಸ್ಪೀಟಾಡಲು ಜಾಗವಿದೆ, ರೈಲಿಗಿಲ್ಲ. ಪೆಟ್ಟಿಗೆಯ ತಳದಲ್ಲಿ 1964ರ ಕ್ಯಾಟಲಾಗು ಇತ್ತು. ಅದರ ಪುಟಗಳಲ್ಲಿ ಪೆನ್ಸಿಲ್ಲಿನ ಗೀಟುಗಳು: ಬೇಕಾದದ್ದಕ್ಕೆ ಒಂದು, ಬಹಳ ಬೇಕಾದದ್ದಕ್ಕೆ ಎರಡು. ಒಂದು ಗೀಟಿನವು ಹೆಚ್ಚುಕಡಿಮೆ ಪೆಟ್ಟಿಗೆಯೊಳಗೇ ಇದ್ದವು. ಎರಡು ಗೀಟಿನ ಕೆಂಪು ಡೀಸೆಲ್ ಇಂಜಿನು ವಿ 200 ಮಾತ್ರ ಇರಲಿಲ್ಲ.

ಹುಡುಗನ ಆಸೆ ಅರ್ಥವಾಗದ ಮಾತೇನಲ್ಲ. ನಾನು ಬೆಳೆದದ್ದು ಬೀರೂರಿನಲ್ಲಿ. ನನ್ನ ರೈಲು ಬೆಂಕಿಪೊಟ್ಟಣಗಳನ್ನು ದಾರದಲ್ಲಿ ಪೋಣಿಸಿದ್ದು. ನಿಜವಾದ್ದು ಬೇಕೆಂದರೆ ಸ್ಟೇಷನ್ನಿಗೆ ಓಡಬೇಕು. ಶಿವಮೊಗ್ಗದ ಕಡೆಯ ಮೀಟರ್‌ಗೇಜ್ ಗಾಡಿಗೆ ಕಟ್ಟಿದ ವೈಪಿ ಉಗಿ ಇಂಜಿನನ್ನು ಬೇಲಿಗೆ ಒರಗಿ ನೋಡುತ್ತಿದ್ದೆವು. ವೈಪಿಗಳಲ್ಲಿ ಹೆಚ್ಚಿನವು ಜಮ್ಶೆಡ್‌ಪುರದ ಟೆಲ್ಕೋದಲ್ಲಿ ಆದಂಥವು. ಒಂದಷ್ಟು ಮ್ಯೂನಿಕ್‌ನ ಕ್ರೌಸ್-ಮಾಫೈ ಕಾರ್ಖಾನೆಯಿಂದ ಬಂದವು. ವಿ 200 ಇಂಜಿನನ್ನು ಕಟ್ಟಿದ್ದೂ ಅದೇ ಕ್ರೌಸ್-ಮಾಫೈ ಎಂದು ಎಲ್ಲೋ ಓದಿದ ದಿನ, ಆ ಎರಡು ಗೀಟು ನನ್ನವೂ ಆದವು. ವೈಪಿಯ ಮಾದರಿಯಂತೂ ಈ ಮೇಜುಗಳ ಮೇಲೆ ನನ್ನ ಕಣ್ಣಿಗೆ ಬಿದ್ದಿಲ್ಲ. ಅದರ ದಾಯಾದಿಯಾದರೂ ಸಿಗಲಿ.

ಸಿಕ್ಕಿತು. ಮೊದಲು ಆನ್‌ಲೈನಿನಲ್ಲಿ ಒಂದು: ತೆಳ್ಳನೆಯ ರಟ್ಟಿನ ಡಬ್ಬದಲ್ಲಿ ಒಂದೇ ಹಾಳೆ ಪತ್ರಿಕೆ ಸುತ್ತಿ ಕಳಿಸಿದ್ದ ಪುಣ್ಯಾತ್ಮ, ಬಫರು ಮುರಿದು ಬಂತು, ವಾಪಸು ಹೋಯಿತು. ಎರಡನೆಯದು ಸಂತೆಯಲ್ಲಿ. ಹಳಿಯ ಮೇಲಿಟ್ಟರೆ ಮಿಸುಕಲಿಲ್ಲ. ಮಾರುವವನ ಮುಖ ಇಳಿಯಿತು, ನನ್ನದು ಅರಳಿತು. ಮ್ಯಾರ್ಕ್ಲಿನ್ ಇಂಜಿನು ಓಡುತ್ತಿಲ್ಲವೆಂದರೆ ಅದು ಕೆಟ್ಟಿದೆ ಎಂದಲ್ಲ, ಬಹಳ ಸಲ ಹಳೆಯ ಎಣ್ಣೆ ಗೋಂದಾಗಿದೆ ಎಂದಷ್ಟೇ. ಬೆಲೆ ಇಳಿಸಿ ತಂದೆ. ಪೆಟ್ರೋಲಿನಲ್ಲಿ ಗೇರುಗಳನ್ನು ತೊಳೆದು, ಬ್ರಷ್ ಬದಲಿಸಿ, ಹಳಿಯ ನಡುವಿನ ಗುಬಟುಗಳಿಂದ ಕರೆಂಟು ಎಳೆಯುವ ಹೊಟ್ಟೆಯ ಪಟ್ಟಿಯನ್ನು ಉಜ್ಜಿದರೆ, ಗುರ್‌ ಎಂದು ಹೊರಟಿತು. ದಿಕ್ಕು ಬದಲಿಸುವಾಗ ಟ್ರಾನ್ಸ್‌ಫಾರ್ಮರ್ ಒಂದು ಕ್ಷಣ 24 ವೋಲ್ಟ್ ಒದೆ ಕೊಡುತ್ತದೆ. ಒಳಗಿನ ಸ್ಪ್ರಿಂಗ್ ತೀರಾ ಬಿಗಿಯಿದ್ದರೆ ಇಂಜಿನು ತಿರುಗುವ ಬದಲು ಕಪ್ಪೆಯ ಹಾಗೆ ಮುಂದಕ್ಕೆ ನೆಗೆಯುತ್ತದೆ. ಅದನ್ನೂ ಸರಿಮಾಡಿದೆ. ಅರವತ್ತು ವರ್ಷದ ಹಿಂದೆ ಬಿಚ್ಚಲೆಂದೇ ಸ್ಕ್ರೂ ಹಾಕಿ ಮಾಡಿದ ವಸ್ತುವಿನ ಮುಂದೆ ನನ್ನ ಮೊಬೈಲು ನಾಚಿಕೊಳ್ಳಬೇಕು.

ಯುದ್ಧಪೂರ್ವದ ಸರಕಿಗೆ ಮಾತ್ರ ನಾನು ಕೈ ಹಾಕುವುದಿಲ್ಲ. ಆಗಿನ ಸತುವಿನ ಎರಕದಲ್ಲಿ ಸೀಸ ಬೆರೆತಿದ್ದರೆ ಲೋಹವೇ ಒಳಗಿಂದ ಉಬ್ಬಿ ಬಿರಿಯುತ್ತದೆ, ಅದಕ್ಕೆ ಮದ್ದಿಲ್ಲ. ಕಂಪನಿಯೂ ಒಮ್ಮೆ ಬಿರಿದಿತ್ತು: 150ನೇ ವರ್ಷದ ಸಂಭ್ರಮದ 2009ರಲ್ಲೇ ದಿವಾಳಿ ಅರ್ಜಿ ಹಾಕಿ, 2013ರಲ್ಲಿ ಬೇರೆ ಆಟಿಕೆ ಮನೆತನದ ಕೈಸೇರಿ ಉಳಿದುಕೊಂಡಿತು. ಗೀಟು ಹಾಕುವ ಹುಡುಗರು ಕಡಿಮೆಯಾದರು. ಹಾಕಿದವರ ಪೆಟ್ಟಿಗೆಗಳು ಒಂದೊಂದಾಗಿ ಅಟ್ಟದಿಂದ ಇಳಿಯುತ್ತಿವೆ. ಬೆಲೆಯೂ ಇಳಿಯುತ್ತಿದೆ, ನನಗೇನೂ ದುಃಖವಿಲ್ಲ.

“ಯಾರದೋ ಹುಡುಗನ ಪಟ್ಟಿಗೆ ನೀವ್ಯಾಕ್ರೀ ದುಡ್ಡು ಸುರೀತೀರಿ?” ಎಂದು ಕೇಳಿದ ನನ್ನವಳು ಮೊನ್ನೆ ಕನ್ನಡಕ ಏರಿಸಿ ತಾನೇ ಕ್ಯಾಟಲಾಗು ತಿರುವುತ್ತಿದ್ದಳು. ಸ್ವಿಟ್ಜರ್ಲೆಂಡಿನ ಗೊಟ್ಹಾರ್ಡ್ ಘಾಟಿಯ ಹಸಿರು ‘ಮೊಸಳೆ’ ಇಂಜಿನಿನ ಪುಟ ತೆರೆದು ನನ್ನ ಕಡೆ ತಿರುಗಿಸಿದಳು. ಸಂಗ್ರಾಹಕರು ಮುಗಿಬೀಳುವ, ಡಬ್ಬವಿದ್ದರಂತೂ ಮುಟ್ಟಲಾಗದ ಬೆಲೆಯ ಇಂಜಿನು ಅದು.

“ನೋಡಿ, ಇದಕ್ಕೆ ಮೂರು ಗೀಟು ಹಾಕಿದಾನೆ.”